ಯಾರೂ ಅಂಟಿಸದ ಚೀಟಿ

ಸುಧಾರಾಣಿಯ ಕೈಗೆ ಒಂದು ಚಟ. ಎಲ್ಲಿ ಏನು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೂ ಹೊಂದಿಸಿಡದೆ ಅದಕ್ಕೆ ಸಮಾಧಾನವಿಲ್ಲ. ಮದುವೆಮನೆಗೆ ಹೋದರೆ ಒಳಗೆ ಕಾಲಿಡುವ ಮೊದಲು ಬಾಗಿಲಲ್ಲಿ ಬಿದ್ದ ಚಪ್ಪಲಿಗಳನ್ನು ಜೋಡಿ ಮಾಡಿ ನಿಲ್ಲಿಸುತ್ತಾಳೆ. ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಎದುರಿನ ಅವಳ ಝೆರಾಕ್ಸ್ ಅಂಗಡಿಯಲ್ಲಿ ಕಾಗದಕ್ಕೆ ಚುಚ್ಚುವ ಟಾಚಣಿಗಳೂ ಅಳತೆ ನೋಡಿಕೊಂಡು ಬೇರೆ ಬೇರೆ ಡಬ್ಬಿಯಲ್ಲಿ ಕೂತಿವೆ. ಇಂಥವಳ ಮುಂದೆ ನಾಲ್ಕು ತಾಲೂಕಿನ ಮಂದಿಯ ಮಾತನ್ನು ತಂದು ಸುರಿದು, ಇದನ್ನೊಂದಿಷ್ಟು ಹೊಂದಿಸಿಕೊಡಿ ಅಂದರೆ ಬೇಡ ಅಂದಾಳೆಯೇ? ಸವಣೂರಿನ ಧೀರೇಂದ್ರ ಹಾಗೆ ತಂದು ಸುರಿದಿದ್ದ.

ಧೀರೇಂದ್ರ ಅಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ. ಅವನ ಅಜ್ಜ ಮುತ್ತಜ್ಜರು ಶಾಸ್ತ್ರಗ್ರಂಥಗಳಿಗೆ ಟಿಪ್ಪಣಿ ಬರೆದು ಬರೆದು ಕಣ್ಣು ಕಳೆದುಕೊಂಡವರು. ಈತ ಸಣ್ಣ ಸಣ್ಣ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸಿ ಕಣ್ಣು ಕಳೆದುಕೊಳ್ಳುತ್ತಿದ್ದ. ನಮ್ಮ ಮಾತನ್ನು ಯಾರು ಕೇಳಬೇಕು ಎಂಬುದನ್ನು ಎಲ್ಲೋ ಕೂತ ದೊಡ್ಡ ಕಂಪನಿ ನಿಶ್ಚಯಿಸುವುದು ಅವನಿಗೆ ಸೇರುತ್ತಿರಲಿಲ್ಲ. ಅದಕ್ಕೇ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಒಂದೊಂದು ಪೆಟ್ಟಿಗೆ ಇಟ್ಟು, ‘ಕಟ್ಟೆ’ ಎಂದು ಹೆಸರು ಕೊಟ್ಟ. ಆಯಾ ಊರಿನವರು ಫೋನಿನಲ್ಲಿ ತಮ್ಮ ಊರಿನ ಕಟ್ಟೆಗೆ ಬರೆಯುವುದು, ನಾಲ್ಕು ಕಟ್ಟೆಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು. ನಡುವೆ ಯಜಮಾನ ಅಂತ ಯಾರೂ ಇಲ್ಲ. ಶಿಗ್ಗಾವಿಯ ಪೆಟ್ಟಿಗೆ ಸುಧಾರಾಣಿಯ ಝೆರಾಕ್ಸ್ ಮಶಿನ್ನಿನ ಕೆಳಗೆ ಕಸೂತಿಯ ಬಟ್ಟೆ ಹೊದ್ದು ಮಲಗಿತ್ತು. ಹೊದಿಸಬೇಡಿ, ಬಿಸಿಯಾಗುತ್ತದೆ ಎಂದು ಧೀರೇಂದ್ರ ಹೇಳಿ ಹೇಳಿ ಸೋತಿದ್ದ.

“ನೋಡ್ರೀ, ಓಣಿ ಅಂದ್ರ ಮಂದಿ, ಚೀಟಿ ಅಂದ್ರ ವಿಷಯ,” ಎಂದು ಅವನು ಮೊದಲ ದಿನವೇ ಪಾಠ ಮಾಡಿದ್ದ. “ದನ ಕಟ್ಟೋರೆಲ್ಲ ಕೂಡಿ ಒಂದು ಓಣಿ ಮಾಡ್ಕೋತಾರ. ಮಾವಿನ ತೋಟದವರು ಒಂದು, ಬೀಜದವರು ಒಂದು. ಚೀಟಿ ಹಂಗಲ್ಲ. ಯಾವ ಓಣ್ಯಾಗ ಬರದ್ರೂ ಅದಕ್ಕ ಚೀಟಿ ಅಂಟಿಸಿದ್ರ, ಆ ಚೀಟಿ ಹಿಡದು ಯಾರರೆ ಹುಡುಕಬಹುದು.”

“ಅಂಟಸದಿದ್ರ?”

“ಆ ಮಾತು ತನ್ನ ಓಣ್ಯಾಗ ಉಳೀತದ. ಇನ್ನೊಂದದರೀ. ಹಾನಗಲ್ಲಿನ ಒಂದು ಓಣಿಗೆ ಶಿಗ್ಗಾವಿಯವರು ಒಬ್ಬರಾದ್ರೂ ಸೇರಿರಬೇಕು, ಆಗ ಅಲ್ಲಿ ಮಾತು ಇಲ್ಲಿಗೆ ಹರದು ಬರ್ತದ. ಯಾರೂ ಸೇರದಿದ್ರ ಅಂಥಾದೊಂದು ಓಣಿ ಅದ ಅನ್ನೂದ ನಿಮ್ಮ ಪೆಟ್ಟಿಗಿಗೆ ಗೊತ್ತಾಗೂದಿಲ್ಲ.”

ಕೇಳಲಿಕ್ಕೆ ಬಲು ಅಚ್ಚುಕಟ್ಟಾಗಿತ್ತು. ಮಂದಿ ಬಂದರು, ಅಚ್ಚುಕಟ್ಟು ಹೋಯಿತು. ಹಿರೇಕೆರೂರಿನವನೊಬ್ಬ ಬದನೆಬೀಜದ ಓಣಿಯಲ್ಲಿ ಮಗಳ ಹಲ್ಲುನೋವಿನ ಸಂಗತಿ ಬರೆದ. ಆರೋಗ್ಯದ ಓಣಿಗೆ ಒಯ್ಯಿರಿ ಎಂದು ಸುಧಾರಾಣಿ ತಿದ್ದಿದರೆ, ಅಲ್ಲಿ ನನಗೆ ಗುರುತಿನವರು ಯಾರಿದ್ದಾರೆ ಎಂದು ಮುನಿಸಿಕೊಂಡ. ಸವಣೂರಿನ ಚಮನಬಿ ವೀಳ್ಯದೆಲೆ ಬೆಳೆಗಾರರ ಓಣಿಯಲ್ಲಿ ದಿನಕ್ಕೊಂದು ಅಡಿಗೆ ಹೇಳುತ್ತಿದ್ದಳು. ಬೆಳೆಗಾರರು ಎಲೆಯ ಮಾತು ಮರೆತು ಅದನ್ನೇ ಕಾಯುತ್ತಿದ್ದರು. ಇವರಿಗೆಲ್ಲ ಯಾವಾಗ ಬುದ್ಧಿ ಬರುತ್ತದೋ ಎಂದು ಬೈದುಕೊಳ್ಳುತ್ತ ಸುಧಾರಾಣಿ ಒಂದೊಂದಕ್ಕೂ ಚೀಟಿ ಅಂಟಿಸುತ್ತ ಹೋದಳು.

ಶಿಗ್ಗಾವಿಯ ದನದ ಓಣಿಯೊಂದು ಅವಳ ಹೆಮ್ಮೆ. ಅಲ್ಲಿ ಬಣ್ಣಕ್ಕೊಂದು ಚೀಟಿ, ಕೋಡಿಗೊಂದು, ಹಲ್ಲಿಗೊಂದು, ಸುಳಿಗೊಂದು. ದನದ ಮೈಮೇಲೆ ಕೂದಲು ಸುತ್ತಿಕೊಂಡು ನಿಂತ ಜಾಗವೇ ಸುಳಿ. ಅದು ಎಲ್ಲಿದೆ ಎನ್ನುವುದನ್ನು ನೋಡಿ ಈ ಕಡೆಯ ಮಂದಿ ದನದ ಹಣೆಬರಹ ಹೇಳಿಬಿಡುತ್ತಾರೆ. ಬೆನ್ನಿನ ಮೇಲಿದ್ದರೆ ರಾಜಸುಳಿ, ಮನೆ ಬೆಳಗುತ್ತದೆ. ಕಣ್ಣಿನ ಕೆಳಗಿದ್ದರೆ ಕಣ್ಣೀರ ಸುಳಿ, ಕಟ್ಟಿಕೊಂಡ ಮನೆ ಅಳುತ್ತದೆ. ಸುಧಾರಾಣಿ ಹಿರಿಯರನ್ನು ಬೆನ್ನುಹತ್ತಿ ಕೇಳಿ, ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲದಕ್ಕೂ ಚೀಟಿ ಮಾಡಿಟ್ಟಿದ್ದಳು.

ಮುಂಗಾರು ಶುರುವಾದ ಹೊಸದರಲ್ಲಿ ಒಂದು ಮುಂಜಾನೆ ಹಿರೇಬೆಂಡಿಗೇರಿಯ ಹಾಲವ್ವ ಅಂಗಡಿಗೆ ಬಂದಳು. ಐವತ್ತು ದಾಟಿದ ಹೆಂಗಸು. ಹಣೆತುಂಬ ವಿಭೂತಿ, ಸೀರೆಯ ಅಂಚಿಗೆ ಹೊಲದ ಕೆಸರು. ಹೊಸ್ತಿಲಲ್ಲೇ ಮಾತು ಶುರುಮಾಡಿದಳು.

“ತಂಗೀ, ನೀ ಫೋನಿನ್ಯಾಗ ನಾಕೂರಿಗೆ ಡಂಗುರ ಹೊಡೀತೀಯಂತಲ್ಲ? ನಮ್ಮ ಮಲ್ಲ ಕಳದಾನ.”

“ಮಲ್ಲ ಅಂದ್ರ ಯಾರ್ರೀ, ಮಗಾನ?”

“ಎತ್ತು, ಯವ್ವಾ. ಎಡಕ್ಕ ಹೂಡೂ ಎತ್ತು.”

ದುಂಡಸಿಯಲ್ಲಿ ಅವಳ ತಮ್ಮನ ಹೊಲಕ್ಕೆ ಕುಂಟೆ ಹೊಡೆದು ಹರಗಲಿಕ್ಕೆ ಜೋಡಿ ಎತ್ತು ಒಯ್ದಿದ್ದರು. ಸಂಜೆಗೆ ಸಿಡಿಲು ಬಡಿದ ಸದ್ದಿಗೆ ಮಲ್ಲ ಹಗ್ಗ ಹರಿದುಕೊಂಡು ಕಾಡಿನ ಕಡೆ ಓಡಿತು. ಆಮೇಲೆ ಹೊಡೆದ ಮಳೆಯಲ್ಲಿ ಹೆಜ್ಜೆಯ ಗುರುತೂ ಉಳಿಯಲಿಲ್ಲ. ಈಗ ಮನೆಯಲ್ಲಿ ಉಳಿದ ಚೆನ್ನ ಮೇವಿಗೆ ಮೂತಿ ಇಡದೆ, ಪಕ್ಕದ ಖಾಲಿ ಗೂಟವನ್ನೇ ನೋಡುತ್ತ ನಿಲ್ಲುತ್ತದೆ.

“ಅದನ್ನ ನೋಡಿ ನನಗೂ ತುತ್ತು ಇಳೀವಲ್ದು,” ಎಂದಳು ಹಾಲವ್ವ.

“ಫೋಟೋ ಐತೇನ್ರಿ?”

“ದೃಷ್ಟಿ ಆದೀತಂತ ತಗಸಿಲ್ಲ.”

“ಹಂಗಾರ ಗುರ್ತು ಹೇಳ್ರಿ, ಬರೀತೇನಿ.”

ಹಾಲವ್ವ ಕಣ್ಣು ಮುಚ್ಚಿಕೊಂಡು ಹೇಳಿದಳು. ಹಾಲಿನಂಥ ಬಿಳುಪು, ಬಾಲದ ತುದಿ ಕರಿ, ಬಲಗೋಡು ಒಂಚೂರು ಒಳಗೆ ಬಾಗಿದ್ದು, ಎಡಗಿವಿಯ ಅಂಚು ಹರಿದದ್ದು. ಹೆಸರು ಹಿಡಿದು ಕರೆದರೆ ಮೊದಲು ಮುಖ ಆ ಕಡೆ ತಿರುಗಿಸಿ, ಆಮೇಲೆ ಬರುವ ಸ್ವಭಾವ. ಸ್ವಭಾವಕ್ಕೆ ತಾನೊಂದು ಚೀಟಿ ಮಾಡಿಲ್ಲವಲ್ಲ ಎಂದು ಸುಧಾರಾಣಿಗೆ ಆಗ ಹೊಳೆಯಿತು.

“ಸುಳಿ?” ಎಂದು ಕೇಳಿದಳು.

ಹಾಲವ್ವ ಕಣ್ಣು ತೆರೆದಳು. “ಬೆನ್ನಿನ ಮ್ಯಾಲೆ ರಾಜಸುಳಿ ಐತಿ.”

“ಮತ್ತ?”

“ಮತ್ತೇನಿಲ್ಲ. ಅಷ್ಟ ಬರಿ.”

ಸುಧಾರಾಣಿ ಬರೆದಳು, ಚೀಟಿಗಳನ್ನು ಅಂಟಿಸಿದಳು, ನಾಲ್ಕೂ ಊರಿನ ದನದ ಓಣಿಗಳಿಗೆ ಕಳಿಸಿದಳು. ಉತ್ತರಗಳು ಬಂದವು. ಎತ್ತು ಸಿಕ್ಕ ಮೇಲೆ ಮಾರುತ್ತೀರಾ ಎಂದು ಹಿರೇಕೆರೂರಿನವನೊಬ್ಬ ಕೇಳಿದ. ಸೆರಗಿಗೆ ಗಂಟು ಹಾಕಿಕೊಂಡರೆ ಕಳೆದದ್ದು ಸಿಗುತ್ತದೆ ಎಂದು ಸವಣೂರಿನಿಂದ ಒಬ್ಬಾಕೆ ಹೇಳಿಕಳಿಸಿದಳು. ತಡಸದ ಹತ್ತಿರ ಬಿಳಿ ಎತ್ತು ನಿಂತಿದೆ ಎಂಬ ಸುದ್ದಿ ನಂಬಿ ಹಾಲವ್ವನ ಗಂಡ ಪರಮೇಶ್ವರಪ್ಪ ಕುಂಟುತ್ತ ಹೋಗಿ ನೋಡಿದರೆ, ಅದು ಯಾರದೋ ಆಕಳು. ಹಾಲವ್ವ ಬಸ್ ಸಿಕ್ಕಾಗಲೆಲ್ಲ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ಫೋನನ್ನೇ ನೋಡಿ ಹೋಗುತ್ತಿದ್ದಳು. ಏನಾಯಿತು ಎಂದು ಅವಳು ಕೇಳುತ್ತಿರಲಿಲ್ಲ. ಕೇಳಿದ್ದರೆ ಸುಧಾರಾಣಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಒಂದು ಎತ್ತು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಯಾರ ಕಣ್ಣಿಗಾದರೂ ಬಿದ್ದಿರಲೇಬೇಕು. ಬಿದ್ದಿದ್ದರೆ ಅವರು ಎಲ್ಲಾದರೂ ಹೇಳಿರಬೇಕು. ಹಾಗಾದರೆ ಎಲ್ಲಿ? ಈ ಪ್ರಶ್ನೆ ತಲೆಯೊಳಗೆ ಹೊಕ್ಕ ಮೇಲೆ ಸುಧಾರಾಣಿ ಗಿರಾಕಿಗಳ ಆಧಾರ್ ಕಾರ್ಡನ್ನು ತಲೆಕೆಳಗಾಗಿ ಝೆರಾಕ್ಸ್ ಮಾಡಿಕೊಟ್ಟಳು. ಕೊನೆಗೆ, ನಾಲ್ಕೂ ಊರಿನಲ್ಲಿ ಇರುವ ಎಲ್ಲ ಓಣಿಗಳ ಹೆಸರು ಕೊಡಿ ಎಂದು ಧೀರೇಂದ್ರನಿಗೆ ಫೋನು ಹಚ್ಚಿದಳು.

“ಎಲ್ಲಾ ಓಣಿಗೂ ಸೇರ್ತೀರೇನು? ನಿಮ್ಮ ಪೆಟ್ಟಿಗಿ ಏದುಸಿರು ಬಿಡ್ತದರೀ!”

“ಬಿಡ್ಲಿ. ಬಟ್ಟಿ ತಗದಿಡ್ತೇನಿ.”

ಕಸೂತಿಯ ಬಟ್ಟೆ ಕಟ್ಟಕಡೆಗೆ ಪೆಟ್ಟಿಗೆಯಿಂದ ಇಳಿಯಿತು. ಒಂದೊಂದೇ ಓಣಿಗೆ ಸೇರುತ್ತ, ಅಲ್ಲಿಯ ಮಾತು ಹರಿದು ಬಂದಂತೆ ಓದುತ್ತ ಹೋದಳು. ಹೊಲಿಗೆಯವರ ಓಣಿ, ಭಜನೆಯವರ ಓಣಿ, ಮೊಣಕಾಲು ನೋವಿನವರದೇ ಒಂದು ಓಣಿ. ತನ್ನ ಮಗ್ಗುಲಲ್ಲೇ ಇಷ್ಟೆಲ್ಲ ಮಂದಿ ಕೂತು ಮಾತಾಡುತ್ತಿದ್ದರೂ ತನಗೆ ಕೇಳಿಸಿರಲಿಲ್ಲವಲ್ಲ ಎಂದು ಅವಳಿಗೆ ಸೋಜಿಗ. ಹಾನಗಲ್ಲಿನ ಮಾವಿನ ಓಣಿಯಲ್ಲಿ, ಹಣ್ಣಿಗೆ ಬಿದ್ದ ನೊಣದ ಚರ್ಚೆಯ ನಡುವೆ, ಅವಳ ಕಣ್ಣು ನಿಂತಿತು.

“ನಮ್ಮ ತ್ವಾಟಕ್ಕ ಒಂದು ಎತ್ತು ಬಂದೈತಿ. ಯಾರದೈತಿ ಅವ್ರು ಗುರ್ತು ಹೇಳಿ ಒಯ್ಯಿರಿ. ಗುದ್ಲೆಪ್ಪ.”

ಒಂದು ಚೀಟಿಯಿಲ್ಲ, ಬಣ್ಣದ ಮಾತಿಲ್ಲ. ಶಿಗ್ಗಾವಿಯಿಂದ ಆ ಓಣಿಗೆ ಸೇರಿದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಸುಧಾರಾಣಿ ಗುದ್ಲೆಪ್ಪನ ನಂಬರು ಹುಡುಕಿ ಫೋನು ಮಾಡಿ, ಸಂತೋಷ ಪಡುವ ಮೊದಲು ಜಗಳ ತೆಗೆದಳು.

“ಎತ್ತಿನ ಸುದ್ದಿ ಮಾವಿನ ಓಣ್ಯಾಗ ಯಾಕ ಹಾಕಿದ್ರಿ?”

“ನಮ್ಮ ಮಂದಿ ಎಲ್ಲಾ ಅಲ್ಲೇ ಅದಾರಲ್ರೀ, ಅಕ್ಕಾರ. ದನದ ಓಣ್ಯಾಗ ನನಗ ಗುರ್ತಿನವರು ಯಾರದಾರ? ಹೋಗ್ಲಿ, ಗುರ್ತು ಹೇಳ್ರಿ ನೀವು.”

ಸುಧಾರಾಣಿ ಬಿಳುಪು ಅಂದಳು, ಗುದ್ಲೆಪ್ಪ ಹೂಂ ಅಂದ. ಬಾಲ, ಕೋಡು, ಕಿವಿ, ಬೆನ್ನಿನ ರಾಜಸುಳಿ, ಎಲ್ಲದಕ್ಕೂ ಹೂಂಗುಟ್ಟಿದ.

“ಇನ್ನೊಂದು?” ಎಂದ.

“ಅಷ್ಟರೀ.”

“ಹಂಗಾರ ನಿಮ್ಮದಲ್ಲ ಬಿಡ್ರಿ.”

“ಎಲ್ಲಾ ಕೂಡಿತಲ್ಲೋ ಮಾರಾಯಾ!”

“ಇದನ್ನೆಲ್ಲಾ ಬೇಲಿ ಆಚೆ ನಿಂತು ನೋಡಿದಾಂವನೂ ಹೇಳ್ತಾನ. ಆಗಲೇ ಇಬ್ಬರು ಬಂದು ಹೇಳಿ ಹೋಗ್ಯಾರ, ನಮ್ಮದ ಎತ್ತು ಅಂತ. ಒಂದು ಗುರ್ತು ನಾ ಮನಸಿನ್ಯಾಗ ಇಟಗೊಂಡೇನಿ. ಅದನ್ನ ಸುಳ್ಳು ಹೇಳಾಂವ ಹೇಳೂದಿಲ್ಲ, ಖರೇ ಒಡಿಯಾ ಆದಾಂವ ಹೇಳ್ತಾನ. ಹೇಳೂದೂ ನನ್ನ ಕಿವ್ಯಾಗಲ್ಲ, ಈ ಫೋನಿನ ಕಟ್ಟಿ ಮ್ಯಾಲೆ ನಾಕು ಮಂದಿ ಕೇಳೂ ಹಂಗ. ನಾಳೆ ಇನ್ನೊಬ್ಬ ಬಂದು ನನ್ನ ಎತ್ತು ಯಾರಿಗೆ ಕೊಟ್ಟಿ ಅಂತ ಕೊಳ್ಳಪಟ್ಟಿ ಹಿಡದ್ರ ಏನ್ ಮಾಡ್ಲಿ? ಬರೂ ಸಂತಿ ತನಕ ನೋಡ್ತೇನಿ. ಆಮ್ಯಾಲೆ ಕೊಂಡವಾಡಕ್ಕ ಬಿಡ್ತೇನಿ.”

ಕೊಂಡವಾಡ ಅಂದರೆ ಪಂಚಾಯ್ತಿಯ ದೊಡ್ಡಿ. ಅಲ್ಲಿ ಯಾರೂ ಬಿಡಿಸಿಕೊಳ್ಳದ ದನ ಹರಾಜಾಗುತ್ತದೆ. ಹರಾಜಿನಲ್ಲಿ ಕೊಂಡವರು ಉಳುಮೆಗೇ ಒಯ್ಯುತ್ತಾರೆ ಎಂಬ ಖಾತ್ರಿಯಿಲ್ಲ.

ಫೋನು ಇಟ್ಟ ಸುಧಾರಾಣಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಸುಳ್ಳು ಹೇಳುವವನು ಎಂದೂ ಹೇಳದ ಗುರುತು ಯಾವುದು? ಕೊಟ್ಟಿಗೆ ತುಂಬ ದನ ಕಟ್ಟಿದವರಿಗೆ ಗೊತ್ತಿರಬೇಕು ಎಂದುಕೊಂಡು ದನದ ಓಣಿಯಲ್ಲಿ ತನ್ನ ಚೀಟಿಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಕೂತಳು. ರಾಜಸುಳಿಯ ಚೀಟಿ ಒತ್ತಿದರೆ ಎತ್ತು, ಹೋರಿ, ಆಕಳು ಸಾಲುಗಟ್ಟಿ ಬಂದವು. ನಾಲ್ಕು ತಾಲೂಕಿನಲ್ಲಿ ಇಷ್ಟು ರಾಜಸುಳಿ ಇದ್ದರೆ ಬೆಳಗದ ಮನೆಯೇ ಇರಬಾರದಾಗಿತ್ತು. ಜೋಡಿಸುಳಿ ತುಂಬಿತ್ತು, ಹಣೆಯ ಸುಳಿ ತುಂಬಿತ್ತು. ಕಣ್ಣೀರ ಸುಳಿಯ ಚೀಟಿ ಒತ್ತಿದಳು. ಹಾಳೆ ಬೆಳ್ಳಗೆ ತೆರೆದುಕೊಂಡಿತು. ಒಂದು ದನವೂ ಇರಲಿಲ್ಲ.

ಪೆಟ್ಟಿಗೆ ಕೆಟ್ಟಿತೇನೋ ಎಂದು ಇನ್ನೊಮ್ಮೆ ಒತ್ತಿದಳು. ಇಲ್ಲ. ಕಣ್ಣೀರ ಸುಳಿಯ ಬಗ್ಗೆ ಮಾತು ಬೇಕಾದಷ್ಟಿತ್ತು. ಹಳೇ ಮಂದಿಯ ಓಣಿಯಲ್ಲಿ ಅಜ್ಜಂದಿರು ಅದರ ಕೆಡುಕನ್ನು ಬಾಯಿತುಂಬ ಹೇಳಿಕೊಂಡಿದ್ದರು. ಆದರೆ ಇದು ನಮ್ಮ ದನ, ಇದಕ್ಕೆ ಆ ಸುಳಿ ಇದೆ ಎಂದು ಒಬ್ಬನೂ ಬರೆದಿರಲಿಲ್ಲ. ಹಾಗಾದರೆ ಕಣ್ಣಿನ ಕೆಳಗೆ ಸುಳಿ ಇದ್ದ ಕರುಗಳು ಈ ಸೀಮೆಯಲ್ಲಿ ಹುಟ್ಟುವುದೇ ಇಲ್ಲವೇ?

ಅವಳ ಕೈ ತಾನಾಗಿ ತಲೆಗೆ ಹೋಯಿತು. ಸುಧಾರಾಣಿಯ ನೆತ್ತಿಯ ಮೇಲೆ ಎರಡು ಸುಳಿ. ಎರಡು ಸುಳಿ ಇದ್ದ ಹುಡುಗಿಗೆ ಎರಡು ಮದುವೆ ಎಂದು ಊರ ಮಂದಿ ಆಡಿಕೊಳ್ಳುತ್ತಾರೆ. ಗಂಡ ಪ್ರಭುವಿನ ಮನೆಯವರು ಹೆಣ್ಣು ನೋಡಲು ಬಂದ ದಿನ ಅವ್ವ ಅವಳ ತಲೆಗೆ ಎಣ್ಣೆ ಸುರಿದು, ಬೈತಲೆಯನ್ನು ಪಕ್ಕಕ್ಕೆ ತೆಗೆದು, ಎರಡನೇ ಸುಳಿಯ ಮೇಲೆ ಮಲ್ಲಿಗೆ ದಂಡೆ ಕೂರಿಸಿದ್ದಳು. ಅವತ್ತಿನಿಂದ ಇವತ್ತಿನವರೆಗೂ ಸುಧಾರಾಣಿ ಹಾಗೆಯೇ ಬಾಚಿಕೊಳ್ಳುತ್ತ ಬಂದಿದ್ದಾಳೆ. ಜಗತ್ತಿಗೆಲ್ಲ ಚೀಟಿ ಅಂಟಿಸುವವಳು ತನ್ನ ತಲೆಯದನ್ನು ಮಾತ್ರ ಮುಚ್ಚಿಕೊಂಡು ಕೂತಿದ್ದಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಒಂದು ಮಾತು ಹೊಳೆಯಿತು. ಸುಳ್ಳು ಹೇಳುವವನು ತನ್ನ ಎತ್ತಿಗೆ ಯಾವ ಸುಳಿ ಇದೆ ಎಂದು ಎಂದಿಗೂ ಹೇಳಲಾರ? ಅಂಗಡಿಗೆ ಕೀಲಿ ಹಾಕಿ ಹಿರೇಬೆಂಡಿಗೇರಿಯ ಬಸ್ ಹತ್ತಿದಳು.

ಹಾಲವ್ವ ಕೊಟ್ಟಿಗೆಯಲ್ಲಿದ್ದಳು. ಗುದ್ಲೆಪ್ಪನ ತೋಟದ ಎತ್ತಿನ ಸುದ್ದಿ, ಅವನು ಹಾಕಿದ ಕರಾರು ಎರಡನ್ನೂ ಸುಧಾರಾಣಿ ಅವಳಿಗೆ ಹೇಳಿದಳು. ಚೆನ್ನನ ಮುಂದೆ ಹಸಿಮೇವು ಹಾಗೇ ಬಿದ್ದಿತ್ತು. ಸುಧಾರಾಣಿ ನೋಡಿದ್ದು ಎತ್ತಿನ ಮುಖವನ್ನು. ಹಣೆಯ ಮೇಲೆ ಮೂರು ಗೆರೆ ವಿಭೂತಿ. ಅಷ್ಟಕ್ಕೇ ನಿಲ್ಲದೆ ಎರಡೂ ಕಣ್ಣಿನ ಕೆಳಗೆ ಹೆಬ್ಬೆರಳಿನಿಂದ ದಪ್ಪಗೆ ಎಳೆದ ಒಂದೊಂದು ಪಟ್ಟೆ.

“ಕಣ್ಣಿನ ಬುಡಕ ಯಾಕ ಹಚ್ಚೀರಿ?”

“ಚಂದ ಕಾಣ್ತೈತಂತ. ಎರಡಕ್ಕೂ ಹಂಗ ಹಚ್ತೇನಿ. ಹಾಲವ್ವನ ಎತ್ತು ಮಠದ ಅಯ್ಯನವರಂಗ ಕಾಣ್ತಾವಂತ ಊರಾಗೆಲ್ಲ ನಗ್ತಾರ.”

“ಹಾಲವ್ವಾರ, ಮಲ್ಲಗ ಯಾವ ಕಣ್ಣಿನ ಬುಡಕ ಐತ್ರಿ?”

ಹಾಲವ್ವ ಬಗ್ಗಿ ಮೇವನ್ನು ಒಟ್ಟುಮಾಡಿದಳು, ಮತ್ತೆ ಹರವಿದಳು. ಹೊರಗೆ ಜಗಲಿಯ ಮೇಲೆ ಕೂತ ಪರಮೇಶ್ವರಪ್ಪನ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು.

“ಎಡಗಣ್ಣು. ನಮ್ಮ ತವರಮನಿ ಕರ ಅದು. ಸುಳಿ ನೋಡಿದ ಕೂಡ್ಲೇ ನನ್ನ ತಮ್ಮ ಯಾರಿಗರೆ ಹೊಡಕೊಟ್ಟುಬಿಡ್ತೇನಿ ಅಂದ. ಅದು ನನ್ನ ಸೆರಗು ಬಾಯಾಗ ಹಿಡದು ಚೀಪಾಕತ್ತಿತ್ತು ತಂಗಿ. ಹೆಂಗ ಬಿಟ್ಟು ಬರ್ಲಿ? ವಿಭೂತಿ ಹಚ್ಚಿ ಹೊಡಕೊಂಡು ಬಂದೆ. ಬೆಳದು ನೊಗಕ್ಕ ಹೂಡಿದ ವರ್ಷಾನ ಇವ್ರು ಮೇವಿನ ಬಣವಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡ್ರು. ಆಗ ಹೇಳಿದ್ನೆಂದ್ರ ಊರೆಲ್ಲಾ ಎತ್ತಿನ ತಲಿಮ್ಯಾಲೆ ಹಾಕ್ತಿತ್ತು. ಇವ್ರರೆ ಇಟಗೋತಿದ್ರೇನು ಅದನ್ನ?”

“ಅಪ್ಪಾರಿಗೆ ಗೊತ್ತಿಲ್ಲೇನ್ರಿ?”

“ನನ್ನ ತಮ್ಮನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಆ ಗುದ್ಲೆಪ್ಪನ ಕಿವ್ಯಾಗ ಹೇಳಿದ್ರ ಆಗೂದಿಲ್ಲೇನು?”

“ಆಗೂದಿಲ್ಲ ಅಂದಾನ್ರಿ. ಮಳಿಗೆ ವಿಭೂತಿ ತೊಳದು ಹೋಗಿ ಅವನ ಕಣ್ಣಿಗೆ ಬಿದ್ದಿರಬೇಕು. ನೀವು ಬ್ಯಾಡ ಅಂದ್ರ ನಾ ಬಾಯಿ ಬಿಡೂದಿಲ್ಲ. ಹೇಳೂದಾದ್ರ ನೀವ ಹೇಳ್ಬೇಕು.”

ಅದನ್ನು ಹೇಳಿ ಹೊರಬರುವಾಗ ಸುಧಾರಾಣಿಗೆ ತನ್ನ ಮೇಲೇ ಬೇಸರವಾಯಿತು. ಎಲ್ಲವನ್ನೂ ಕೆದಕಿ ತೆಗೆಯುವುದು ಸುಲಭ. ತೆಗೆದದ್ದನ್ನು ನಾಲ್ಕು ಮಂದಿಯ ಮುಂದೆ ಇಡಬೇಕಾದವಳು ಹಾಲವ್ವ. ಆ ಊರಿನಲ್ಲಿ, ಆ ಮನೆಯಲ್ಲಿ ನಾಳೆಯೂ ಬಾಳಬೇಕಾದವಳೂ ಅವಳೇ.

ಸಂತೆಯ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಶಿಗ್ಗಾವಿಗೆ ಬಂದರು. ಪರಮೇಶ್ವರಪ್ಪ ಬಸ್‌ಸ್ಟ್ಯಾಂಡಿನ ಚಾದಂಗಡಿಯ ಮುಂದೆ ಕೂತ. ಹಾಲವ್ವ ಅಂಗಡಿಯೊಳಗೆ ಬಂದು, ಸೆರಗು ಸರಿಮಾಡಿಕೊಂಡು, “ಬರೀಬ್ಯಾಡ. ನಾ ಮಾತಾಡಿದ್ದು ಹಂಗ ಹೋಗ್ಲಿ,” ಎಂದಳು. ಸುಧಾರಾಣಿ ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

“ನಾನು ಹಿರೇಬೆಂಡಿಗೇರಿ ಹಾಲವ್ವ ಮಾತಾಡಾಕತ್ತೇನಿ. ಗುದ್ಲೆಪ್ಪನವರ ತ್ವಾಟದಾಗ ಇರೂ ಎತ್ತು ನಮ್ಮ ಮಲ್ಲ. ಅದರ ಎಡಗಣ್ಣಿನ ಬುಡಕ ಕಣ್ಣೀರ ಸುಳಿ ಐತಿ. ತವರಮನಿಂದ ನಾನ ಕೇಳಿ ತಂದೇನಿ, ನಾನ ಮುಚ್ಚೇನಿ. ನಮ್ಮ ಮನ್ಯಾರು ಕಾಲು ಮುರಕೊಂಡು ಕುಂತ ವರ್ಷ ಅದರ ಹಿಂದ ನಾ ನಿಂತು ಬಿತ್ತೇನಿ. ಆಗೂ ಅಳಲಿಲ್ಲ ನಾ. ಆ ಎತ್ತು ಮನಿಗೆ ಬಂದ ಮ್ಯಾಲೆ ನಾ ಅತ್ತಿದ್ದು ಒಂದ ದಿನ. ಅದು ಹೋದ ದಿನ.”

ಆಮೇಲೆ ಸುಧಾರಾಣಿಯನ್ನು ನೋಡಿ, “ಇದಕ್ಕ ಯಾವ ಚೀಟಿ ಅಂಟಸ್ತಿ?” ಎಂದು ಕೇಳಿದಳು. ಸುಧಾರಾಣಿ ಖಾಲಿ ಇದ್ದ ಆ ಚೀಟಿಯನ್ನು ಒತ್ತಿ ತೋರಿಸಿದಳು. ಅದರೊಳಗೆ ಮೊದಲ ದನ ಮಲ್ಲ. ಮಾತು ದನದ ಓಣಿಗೂ ಗುದ್ಲೆಪ್ಪನ ಮಾವಿನ ಓಣಿಗೂ ಹೋಯಿತು.

ಗುದ್ಲೆಪ್ಪನ ಉತ್ತರ ಕೂಡಲೇ ಬಂತು: “ನಿಮ್ಮದ ಎತ್ತು. ಬರ್ರಿ.” ಮಂದಿ ಏನನ್ನುತ್ತಾರೋ ಎಂದು ಸುಧಾರಾಣಿ ಫೋನನ್ನೇ ನೋಡುತ್ತಿದ್ದಳು. ಮೊದಲು ಹಳೇ ಮಂದಿಯ ಓಣಿಯ ಅಜ್ಜನೊಬ್ಬ, ಅಂಥ ಎತ್ತು ಕಟ್ಟಬಾರದಾಗಿತ್ತು ಎಂದು ಗೊಣಗಿದ. ಅದರ ಹಿಂದೆ ಹಿರೇಕೆರೂರಿನಿಂದ ಬದನೆಬೀಜದವನು, ಮಗಳ ಹಲ್ಲುನೋವಿನ ಅದೇ ಅಪ್ಪ, ನಮ್ಮ ಆಕಳಿಗೂ ಇದೆ, ಬೆಲ್ಲದ ಪಾಕ ಹಚ್ಚಿ ಕೂದಲು ಮಲಗಿಸುತ್ತೇವೆ ಎಂದು ಬರೆದ. ಸವಣೂರಿನ ಚಮನಬಿ, ನಮ್ಮ ಮಾವನವರು ಎಮ್ಮೆಯ ಆ ಜಾಗಕ್ಕೆ ಅರಿಶಿಣ ಮೆತ್ತುತ್ತಿದ್ದರು ಅಂದಳು. ಬಟ್ಟೆ ಕಟ್ಟಿದವರು, ಕತ್ತರಿ ಆಡಿಸಿದವರು, ಅದು ಸುಳಿಯಲ್ಲ ಗಾಯದ ಕಲೆ ಎಂದು ಹೇಳಿಕೊಂಡು ಬಂದವರು, ಒಬ್ಬೊಬ್ಬರಾಗಿ ಚೀಟಿಯೊಳಗೆ ಬಂದು ಕೂತರು. ಇಷ್ಟು ದಿನ ಎಲ್ಲರೂ ತಮ್ಮ ಕೊಟ್ಟಿಗೆಯೊಂದರಲ್ಲೇ ಅದಿದೆ ಎಂದುಕೊಂಡಿದ್ದರು.

ಸುಧಾರಾಣಿಯೂ ಒಂದು ಬರೆದಳು. “ನಾನು ದನವಲ್ಲ. ನನ್ನ ನೆತ್ತಿಯ ಮೇಲೆ ಎರಡು ಸುಳಿ. ಗಂಡ ಒಬ್ಬನೇ.” ಅಂಟಿಸಿ ಕಣ್ಣು ಮಿಟುಕಿಸುವುದರೊಳಗೆ ಧೀರೇಂದ್ರನ ಫೋನು.

“ಅಲ್ರೀ, ಇದು ದನದ ಓಣಿ! ನೀವ ಹಿಂಗ ಮಾಡಿದ್ರ ಹೆಂಗ?”

“ಇರ್ಲಿ ಬಿಡ್ರಿ,” ಎಂದಳು ಸುಧಾರಾಣಿ. “ನಮ್ಮ ಮಂದಿ ಎಲ್ಲಾ ಅಲ್ಲೇ ಅದಾರ.”

ಬಸ್‌ಸ್ಟ್ಯಾಂಡಿನಲ್ಲಿ ಬಾಡಿಗೆ ಓಡಿಸುವ ಮುಜಮ್ಮಿಲನ ಸಣ್ಣ ಟೆಂಪೋ ಮಾಡಿಕೊಂಡು ಮೂವರೂ ಹಾನಗಲ್ಲಿನ ಕಡೆ ಹೊರಟರು. ಚಾದಂಗಡಿಯಲ್ಲಿ ಯಾರೋ ಪರಮೇಶ್ವರಪ್ಪನಿಗೆ ಹಾಲವ್ವನ ಮಾತನ್ನು ಕೇಳಿಸಿದ್ದರು. ಅವನು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಹಾಲವ್ವ ಅವನ ಮುಖ ನೋಡುವ ಧೈರ್ಯವಿಲ್ಲದೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಇಬ್ಬರ ನಡುವೆ ಸಿಕ್ಕ ಸುಧಾರಾಣಿ, ಚಪ್ಪಲಿ ಜೋಡಿಸಿದಷ್ಟು ಸುಲಭವಾಗಿ ಎಲ್ಲವನ್ನೂ ಹೊಂದಿಸಲು ಬರುವುದಿಲ್ಲ ಎಂದುಕೊಂಡಳು.

ಗುದ್ಲೆಪ್ಪನ ತೋಟದಲ್ಲಿ ಮಾವಿನ ಮರಕ್ಕೆ ಮಲ್ಲನನ್ನು ಕಟ್ಟಿತ್ತು. “ಮಲ್ಲಾ,” ಎಂದಳು ಹಾಲವ್ವ. ಎತ್ತು ಮೊದಲು ಮುಖವನ್ನು ಆ ಕಡೆ ತಿರುಗಿಸಿತು. ಆಮೇಲೆ ಹಗ್ಗ ಬಿಗಿಯುವವರೆಗೂ ಅವಳ ಕಡೆ ಬಂತು. ಎಡಗಣ್ಣಿನ ಕೆಳಗೆ ಕೂದಲು ಸುತ್ತಿ ನಿಂತ ಜಾಗ ಎಲ್ಲರಿಗೂ ಕಾಣುತ್ತಿತ್ತು. ಇಷ್ಟು ಸಣ್ಣದಕ್ಕೆ ಇಷ್ಟು ಅಂಜಿಕೆಯೇ ಎಂದು ಸುಧಾರಾಣಿ ಬಗ್ಗಿ ನೋಡಿದಳು.

ಹಾಲವ್ವ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಎತ್ತಿನ ಹಣೆಗೆ ಮೂರು ಗೆರೆ ಎಳೆದಳು. ರೂಢಿಯ ಮೇಲೆ ಹೆಬ್ಬೆರಳು ಕಣ್ಣಿನ ಕೆಳಗೆ ಇಳಿಯಿತು. ಅಲ್ಲೇ ನಿಂತಿತು. ಅವಳು ಗಂಡನ ಕಡೆ ತಿರುಗಿದಳು.

“ಹಚ್ಚು, ಹಚ್ಚು,” ಎಂದ ಪರಮೇಶ್ವರಪ್ಪ. “ಯಾಕ ನಿಲ್ಲಿಸಿದಿ?”

“ಇನ್ನ ಮುಚ್ಚೂದೇನೈತ್ರಿ? ನಿಮಗೂ ಗೊತ್ತಾತಲ್ಲ.”

“ಕೆರ್ಯಾಗ ಎತ್ತು ತೊಳ್ಯಾಂವ ಯಾರು? ಮೊದಲನೇ ವರ್ಷಾನ ಗೊತ್ತಾಗೇತಿ ನನಗ.”

“ಮತ್ತ ಒಂದಿನಾನೂ ಅನಲಿಲ್ಲ!”

“ನೀ ಮುಂಜಾನೆದ್ದು ಅಷ್ಟು ನಿಗಾ ಮಾಡಿ ಹಚ್ಚಾಕಿ,” ಎಂದ ಪರಮೇಶ್ವರಪ್ಪ, ಎತ್ತಿನ ಕೊರಳ ಹಗ್ಗ ಬಿಚ್ಚುತ್ತ. “ಅಳಸಬಾರ್ದು ಅಂತ ಅವತ್ತಿಂದ ಮುಖಾ ಬಿಟ್ಟು ಮೈಯಷ್ಟ ತೊಳ್ಯಾಕತ್ತೇನಿ.”

ಹಾಲವ್ವ ಅಲ್ಲಿಯೇ ನಿಂತಳು. ಅವಳ ಹೆಬ್ಬೆರಳು ಇನ್ನೂ ಎತ್ತಿನ ಕಣ್ಣಿನ ಕೆಳಗಿತ್ತು. ಕಣ್ಣಿಂದ ನೀರು ದಳದಳ ಇಳಿಯತೊಡಗಿತು, ಜೊತೆಗೆ ನಗುವೂ ಬಂತು. ವಿಭೂತಿಯ ಕೈಯಲ್ಲೇ ಒರೆಸಿಕೊಂಡದ್ದರಿಂದ ಅವಳ ಎರಡು ಕಣ್ಣಿನ ಕೆಳಗೂ ಒಂದೊಂದು ಬಿಳಿ ಪಟ್ಟೆ ಮೂಡಿತು.

“ನೋಡ್ ತಂಗಿ,” ಎಂದಳು ಸುಧಾರಾಣಿಗೆ, “ಕಡೀಕೂ ಈ ಸುಳಿ ನನ್ನ ಅಳಿಸೇಬಿಡ್ತು.”